ಕುದುರೆಯವನ ವಂಶ, ನೀರು ಕೊಟ್ಟವಳ ಋಣ

ವಂಶಾವಳಿ ಯಾರಿಗೆ ಇರುತ್ತದೆ? ಈ ಪ್ರಶ್ನೆ ಕೇಳಿದರೆ ಪಂಡಿತರು ನಗುತ್ತಾರೆ. ಎಲ್ಲರಿಗೂ ಅಪ್ಪ ಅವ್ವ ಇರುತ್ತಾರೆ, ಅವರಿಗೂ ಅಪ್ಪ ಅವ್ವ ಇದ್ದರು, ಇದರಲ್ಲೇನು ಕೇಳೋದು ಅನ್ನುತ್ತಾರೆ. ಇದ್ದರು ಸ್ವಾಮಿ. ನಾವೇನೂ ಹೊಲದ ಬದುವಿನಲ್ಲಿ ತಾನಾಗಿ ಮೊಳೆತವರಲ್ಲ. ಆದರೆ ಇದ್ದದ್ದು ಬೇರೆ, ಬರೆದಿಟ್ಟದ್ದು ಬೇರೆ. ಬ್ರಾಹ್ಮಣನಿಗೆ ಗೋತ್ರ ಪ್ರವರ ಇದೆ. ಅರಸನಿಗೆ ಶಾಸನ ಇದೆ. ಒಕ್ಕಲು ಮನೆಯವನ ಬಾಗಿಲಿಗೆ ಹೆಳವ ಎತ್ತಿನ ಮೇಲೆ ಬಂದು ತಲೆಮಾರುಗಳನ್ನು ಒಪ್ಪಿಸಿ ದವಸ ಒಯ್ಯುತ್ತಿದ್ದ. ಹೊಲ ಇದ್ದವನಿಗೆ ತಲೆಮಾರು ಬೇಕು, ಯಾಕೆಂದರೆ ಹೊಲ ಭಾಗ ಆಗಬೇಕು. ಕೂಲಿಯನ್ನು ಭಾಗ ಮಾಡೋಕೆ ಯಾವ ತಲೆಮಾರು ಬೇಕು? ನಮ್ಮಲ್ಲಿ ಹಲವರ ತಾತನ ಹೆಸರು ಕಾಗದದ ಮೇಲೆ ಒಂದೇ ಕಡೆ ಸಿಗುತ್ತದೆ: ಸಾಲದ ಪತ್ರದಲ್ಲಿ, ಹೆಬ್ಬೆಟ್ಟಿನ ಪಕ್ಕದಲ್ಲಿ.

ಈಗ ಕೇರಿಯ ಹುಡುಗರು ಓದಿದ್ದಾರೆ. ಓದಿದ ಹುಡುಗನಿಗೆ ಒಂದು ಆಸೆ ಹುಟ್ಟುತ್ತದೆ. ನಮಗೂ ಒಬ್ಬ ಮೂಲಪುರುಷ ಬೇಕು, ಕತ್ತಿ ಹಿಡಿದವನು, ಆದರೆ ಕುದುರೆ ಏರಿದವನು. ಊರ ಮುಂದಿನ ವೀರಗಲ್ಲಿನಲ್ಲಿ ಕುದುರೆಯ ಮೇಲೆ ಕೂತವನು ನಮ್ಮವನೇ ಯಾಕಾಗಿರಬಾರದು ಅನ್ನುವ ಆಸೆ. ಈ ಆಸೆಯನ್ನು ಗೇಲಿ ಮಾಡುವವರು ನಾವಲ್ಲ. ಆದರೆ ಅದು ಸರಿಯೋ ತಪ್ಪೋ ಅನ್ನೋದನ್ನು ನಾವೇ ಕೂತು ವಿಚಾರ ಮಾಡಬೇಕು. ಅದಕ್ಕಾಗಿ ಹತ್ತೊಂಬತ್ತನೇ ಶತಮಾನದ ಒಬ್ಬ ಕುದುರೆ ಸವಾರನ ಮನೆತನದ ಕತೆಯನ್ನು ಇಲ್ಲಿ ಬಿಚ್ಚಿ ನೋಡುತ್ತೇವೆ. ಅವನು ನಮ್ಮವನಲ್ಲ. ಆದರೆ ಅವನ ಕತೆಯಲ್ಲಿ ನಮ್ಮವಳೊಬ್ಬಳು ಇದ್ದಾಳೆ.

ಅವನ ಹೆಸರು ಜೇಮ್ಸ್ ಸ್ಕಿನ್ನರ್. ಹುಟ್ಟಿದ್ದು 1778ರಲ್ಲಿ. ಅಪ್ಪ ಹರ್ಕ್ಯುಲಿಸ್ ಸ್ಕಿನ್ನರ್, ಸ್ಕಾಟ್ಲೆಂಡಿನವನು, ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದ ಅಧಿಕಾರಿ. ಅವ್ವ ಭೋಜಪುರದ ಕಡೆಯ ರಜಪೂತ ಜಮೀನ್ದಾರನ ಮಗಳು. ಹದಿನಾಲ್ಕನೇ ವಯಸ್ಸಿಗೆ ಯುದ್ಧದಲ್ಲಿ ಸೆರೆಸಿಕ್ಕು ಬಂದವಳು ಅಂತ ಮಗನೇ ಹೇಳಿದ್ದಾನೆ. ಈ ಸಂಸಾರದಲ್ಲಿ ಮೂರು ಗಂಡು, ಮೂರು ಹೆಣ್ಣು ಹುಟ್ಟಿದವು. ಅಪ್ಪ ಹೆಣ್ಣುಮಕ್ಕಳನ್ನು ಶಾಲೆಗೆ ಕಳಿಸಬೇಕು ಅಂದ. ಪರದೆ ಬಿಟ್ಟು ಹೊರಗೆ ಹೋದರೆ ರಜಪೂತ ಮಾನ ಹೋಯಿತು ಅಂತ ಅವ್ವ ತಿಳಿದಳು. 1790ರಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡಳು. ಸೆರೆಯಾಳಾಗಿ ಬಂದು, ಮದುವೆಯ ಹಕ್ಕೂ ಇಲ್ಲದೆ ಬದುಕಿದ ಆ ಹೆಣ್ಣಿನ ಬಳಿ ಉಳಿದದ್ದು ಕುಲದ ಮಾನ ಒಂದೇ. ಅದೇ ಅವಳನ್ನು ಕೊಂದಿತು.

ತಾಯಿ ಸತ್ತ ಮೇಲೆ ಗಂಡುಮಕ್ಕಳು ಧರ್ಮದ ಶಾಲೆಗೆ ಬಿದ್ದರು. ಜೇಮ್ಸನನ್ನು ಕಲ್ಕತ್ತೆಯ ಒಂದು ಅಚ್ಚುಕೂಟದಲ್ಲಿ ಕೆಲಸ ಕಲಿಯಲು ಏಳು ವರ್ಷಕ್ಕೆ ಬರೆದುಕೊಟ್ಟರು. ಅವನು ಕೆಲವೇ ದಿನಕ್ಕೆ ಓಡಿಹೋದ. ಕೈಯಲ್ಲಿ ನಾಲ್ಕಾಣೆ. ಅದು ಮುಗಿದ ಮೇಲೆ ಬಜಾರಿನಲ್ಲಿ ಮೂಟೆ ಹೊತ್ತ, ಬಡಗಿಗಳ ಬೈರಿಗೆಯ ಹಗ್ಗ ಎಳೆದ. ಅಷ್ಟು ಹೊತ್ತಿಗೆ ಅಕ್ಕನ ಮನೆಯ ಆಳು ಗುರುತು ಹಿಡಿದು ಎಳೆದುಕೊಂಡು ಹೋದ. ಇಲ್ಲಿ ನಿಲ್ಲಬೇಕು. ಮೂಟೆ ಹೊರುವ ಎಷ್ಟು ಹುಡುಗರು ಆ ಬಜಾರಿನಲ್ಲಿದ್ದರು? ಅವರಲ್ಲಿ ಯಾರನ್ನು ಹುಡುಕಿಕೊಂಡು ಯಾರ ಆಳು ಬಂದ? ಮನೆತನ ಅಂದರೆ ಇದೇ. ನೀನು ಬಿದ್ದಾಗ ಗುರುತು ಹಿಡಿಯುವವರು ಯಾರೋ ಒಬ್ಬರು ಇರುವುದು.

ಆದರೆ ಆ ಮನೆತನವೂ ಅವನಿಗೆ ಅರ್ಧ ಬಾಗಿಲನ್ನೇ ತೆರೆಯಿತು. 1791ರಲ್ಲಿ ಕಂಪನಿ ಒಂದು ನಿಯಮ ಮಾಡಿತ್ತು: ಭಾರತೀಯ ತಾಯಿಯ ಮಗನಿಗೆ ಅಧಿಕಾರಿಯ ಕೆಲಸ ಇಲ್ಲ. 1795ರಲ್ಲಿ ಅದು ಇನ್ನೂ ಬಿಗಿಯಾಯಿತು. ತಂದೆ ತಾಯಿ ಇಬ್ಬರೂ ಯುರೋಪಿನವರಲ್ಲದಿದ್ದರೆ ಸೈನ್ಯದಲ್ಲಿ ಡೋಲು ಬಡಿಯಬಹುದು, ಕೊಳಲು ಊದಬಹುದು, ಬ್ಯಾಂಡು ಬಾರಿಸಬಹುದು, ಕುದುರೆಗೆ ಲಾಳ ಹೊಡೆಯಬಹುದು. ಅಷ್ಟೇ. ಇದನ್ನು ಓದಿದಾಗ ನಮಗೆ ಆಶ್ಚರ್ಯ ಆಗುವುದಿಲ್ಲ. ಹುಟ್ಟನ್ನು ನೋಡಿ ತಮಟೆ ಕೈಗೆ ಕೊಡುವ ಶಾಸ್ತ್ರ ನಮಗೆ ಹಳೆಯದು. ಬಿಳಿಯರು ಮನುವನ್ನು ಓದಿ ಈ ನಿಯಮ ಮಾಡಿದರೋ, ಓದದೆಯೇ ಮಾಡಿದರೋ, ಎರಡೂ ಒಂದೇ ಕಡೆಗೆ ಹೋಗಿ ಸೇರಿದವು.

ಹಾಗಾಗಿ ಹುಡುಗ ಮರಾಠರ ಕಡೆಗೆ ಹೋದ. ಸಿಂಧ್ಯನ ಪಡೆಯಲ್ಲಿ ಫ್ರೆಂಚ್ ಸೇನಾಪತಿಗಳ ಕೆಳಗೆ ದುಡಿದ. 1803ರಲ್ಲಿ ಸಿಂಧ್ಯನಿಗೂ ಕಂಪನಿಗೂ ಯುದ್ಧ ಬಂದಾಗ ಅವನ ರಕ್ತದವರನ್ನು ಆ ಕಡೆಯವರೂ ಹೊರಗೆ ಹಾಕಿದರು. ಕಂಪನಿಯ ಲೇಕ್ ಸಾಹೇಬನ ಬಳಿಗೆ ಬಂದು ಕುದುರೆ ದಂಡು ಕಟ್ಟಿದ. ಹಳೆಯ ಯಜಮಾನ ಸಿಂಧ್ಯನ ಮೇಲೆ ಮಾತ್ರ ನನ್ನನ್ನು ಕಳಿಸಬೇಡಿ ಅಂತ ಕೇಳಿಕೊಂಡಿದ್ದ. ಹಳದಿ ಅಂಗಿಯ ಆ ದಂಡೇ ಸ್ಕಿನ್ನರನ ಕುದುರೆ ಪಡೆ. ಇವತ್ತಿಗೂ ಭಾರತದ ಸೈನ್ಯದಲ್ಲಿ ಆ ಹೆಸರು ಉಳಿದಿದೆ, ಈಗ ಕುದುರೆಗೆ ಬದಲು ಟ್ಯಾಂಕು ಇದೆ. ಜನ ಅವನನ್ನು ಸಿಕಂದರ್ ಸಾಹೇಬ್ ಅಂದರು.

ಅದೇ 1803ರಲ್ಲಿ ನಮ್ಮ ಮೈಸೂರಿನ ಸಿಲ್ಲೇದಾರ ಸವಾರರೂ ವೆಲೆಸ್ಲಿಯ ಜತೆಗೆ ದಖನ್ನಿನಲ್ಲಿ ಅದೇ ಸಿಂಧ್ಯನ ಮೇಲೆ ಹೋಗಿದ್ದರು. ಸಿಲ್ಲೇದಾರ ಅನ್ನುವ ಪದವನ್ನು ಕೊಂಚ ಬಿಡಿಸಿ ನೋಡಬೇಕು, ಯಾಕೆಂದರೆ ವಂಶದ ಗುಟ್ಟು ಅದರಲ್ಲಿದೆ. ಸಿಲ್ಲೇದಾರ ಅಂದರೆ ತನ್ನ ಸ್ವಂತ ಕುದುರೆ, ಸ್ವಂತ ಆಯುಧ ತಂದು ದಂಡಿಗೆ ಸೇರುವವನು. ಸರ್ಕಾರ ಕೊಡೋದು ತಿಂಗಳ ಸಂಬಳ. ಕುದುರೆ ಇಲ್ಲದವನು ಇನ್ನೊಬ್ಬನ ಕುದುರೆ ಏರಿದರೆ ಅವನು ಬಾರಗೀರ. ಸಂಬಳದಲ್ಲಿ ಪಾಲು ಕುದುರೆಯ ಒಡೆಯನಿಗೆ. ಈ ಪದ್ಧತಿ ಇಂಗ್ಲಿಷರ ಕಾಲದ ಕುದುರೆ ಪಡೆಗಳಲ್ಲಿ ಮೊದಲನೇ ಮಹಾಯುದ್ಧದವರೆಗೂ ನಡೆಯಿತು. ಅಂದರೆ ಸವಾರನ ಜಾಗ ಒಂದು ಆಸ್ತಿ. ಅಪ್ಪನಿಂದ ಮಗನಿಗೆ, ಅಣ್ಣನಿಂದ ತಮ್ಮನಿಗೆ ಬರುವಂಥದು. ಆಸ್ತಿ ಇದ್ದಲ್ಲಿ ದಾಖಲೆ. ದಾಖಲೆ ಇದ್ದಲ್ಲಿ ವಂಶ. ನಾಲ್ಕು ತಲೆಮಾರು ಒಂದೇ ದಂಡಿನಲ್ಲಿ ಕುದುರೆ ಏರಿದೆವು ಅಂತ ಹೇಳಿಕೊಳ್ಳುವ ಮನೆತನಗಳ ಹೆಮ್ಮೆಯ ಕೆಳಗೆ ಕುದುರೆಯ ಬೆಲೆ ಇದೆ.

ಆ ಕುದುರೆಗೆ ಹುಲ್ಲು ಯಾರು ತಂದರು? ಸಾಮಾನ್ಯವಾಗಿ ಇಬ್ಬರು ಸವಾರರಿಗೆ ಒಬ್ಬ ಹುಲ್ಲು ಕೊಯ್ಯುವ ಆಳು, ಹೊರೆ ಹೊರಲು ಒಂದು ತಟ್ಟು. ದಂಡು ನಡೆದಷ್ಟು ದೂರ ಅವನೂ ನಡೆದ. ದಂಡು ಮಲಗಿದ ಮೇಲೂ ಅವನು ಮಲಗಲಿಲ್ಲ, ಹುಲ್ಲು ಹುಡುಕಬೇಕಿತ್ತು. ಲಾಯದ ಲದ್ದಿ ಬಳಿದವರು ಯಾರು? ಜೀನಿನ ಚರ್ಮ ಹದ ಮಾಡಿದವರು ಯಾರು? ಸತ್ತ ಕುದುರೆ ಎಳೆದು ಹಾಕಿದವರು ಯಾರು? ಕುದುರೆಯ ತಳಿಗೂ ಲೆಕ್ಕ ಇಡುತ್ತಿದ್ದರು ಸ್ವಾಮಿ, ಇದು ಕಾಠಿಯಾವಾಡಿ, ಇದು ಅರಬ್ಬಿ ಅಂತ. ಹುಲ್ಲಿನವನ ಅಪ್ಪ ಯಾರು ಅಂತ ಯಾರೂ ಕೇಳಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. 1800ರಲ್ಲಿ, ಸ್ಕಿನ್ನರ್ ಇನ್ನೂ ಸಿಂಧ್ಯನ ಕಡೆ ಇದ್ದಾಗ, ರಾಜಸ್ಥಾನದ ಉನಿಯಾರಾ ಎಂಬಲ್ಲಿ ಕಾದಾಟ ಆಯಿತು. ಅವನ ತುಕಡಿ ನುಚ್ಚುನೂರಾಯಿತು. ಗುಂಡು ತಿಂದು ಹೆಣಗಳ ನಡುವೆ ಬಿದ್ದ. ಪಕ್ಕದಲ್ಲಿ ಕಾಲು ಕಳೆದುಕೊಂಡ ಒಬ್ಬ ಸುಬೇದಾರ. ಹಗಲು ಬಿಸಿಲು, ರಾತ್ರಿ ನರಿಗಳು, ಬಾಯಿ ಒಣಗಿ ಜೀವ ಹೋಗುತ್ತಿದೆ. ಆಗ ಒಬ್ಬ ಮುದುಕ, ಒಬ್ಬ ಮುದುಕಿ ಬಂದರು. ಒಂದು ಬುಟ್ಟಿ, ಒಂದು ಮಡಕೆ. ಮುದುಕಿ ಗಾಯಾಳುಗಳಿಗೆಲ್ಲ ಒಂದೊಂದು ತುಂಡು ಜೋಳದ ರೊಟ್ಟಿ, ಒಂದು ಗುಟುಕು ನೀರು ಕೊಡುತ್ತಾ ಬಂದಳು. ಸ್ಕಿನ್ನರನಿಗೂ ಕೊಟ್ಟಳು. ಅವನು ತಿಂದ, ಕುಡಿದ. ಸುಬೇದಾರನ ಹತ್ತಿರ ಬಂದಳು. ಸುಬೇದಾರ ರಜಪೂತ. ಆಕೆ ಚಮ್ಮಾರರವಳು. ಅವನು ಮುಟ್ಟಲಿಲ್ಲ. ಬದುಕುವುದಕ್ಕಾದರೂ ಕುಡಿಯಪ್ಪಾ ಅಂತ ಸ್ಕಿನ್ನರ್ ಹೇಳಿದ. ಇನ್ನು ಕೆಲವು ಗಂಟೆಗಳ ನೋವಿಗಾಗಿ ಧರ್ಮ ಯಾಕೆ ಬಿಡಲಿ, ಮೈಲಿಗೆಯಾಗದೆ ಸಾಯುತ್ತೇನೆ ಅನ್ನುವ ಅರ್ಥದ ಮಾತಾಡಿದ ಸುಬೇದಾರ.

ಇದನ್ನು ನಾವು ಕಟ್ಟಿದ್ದಲ್ಲ. ಸ್ಕಿನ್ನರ್ ತಾನೇ ಬರೆದಿಟ್ಟ ನೆನಪುಗಳು ಇವು. ಅವನು ಸತ್ತ ಹತ್ತು ವರ್ಷದ ಮೇಲೆ, 1851ರಲ್ಲಿ, ಬೇಲಿ ಫ್ರೇಸರ್ ಎಂಬುವನು ಅವನ್ನು ಪುಸ್ತಕ ಮಾಡಿದ. ಆ ಪುಸ್ತಕ ಆಕೆಯನ್ನು ಜಾತಿಯಿಂದ ಗುರುತಿಸುತ್ತದೆ, ಹೆಸರಿನಿಂದಲ್ಲ.

ಸುಬೇದಾರನ ನಿಷ್ಠೆಯನ್ನು ಮೆಚ್ಚುವವರು ಇದ್ದಾರೆ. ಸಾವಿನ ಬಾಯಲ್ಲೂ ತನ್ನ ನಂಬಿಕೆ ಬಿಡಲಿಲ್ಲ, ಎಂಥಾ ಧೀರ ಅನ್ನುತ್ತಾರೆ. ಅವನು ಯಾರಿಗೂ ಕೇಡು ಮಾಡಲಿಲ್ಲವಲ್ಲ, ತಾನೇ ಬಾಯಾರಿದ ಅಷ್ಟೆ ಅನ್ನುತ್ತಾರೆ. ಯಾರಿಗೂ ಕೇಡು ಮಾಡಲಿಲ್ಲವೇ? ಬಗ್ಗಿ ನೀರು ಕೊಡಲು ಬಂದ ಕೈಯನ್ನು ಸಾವಿಗಿಂತ ಕೀಳು ಅಂದನಲ್ಲ, ಅದು ಕೇಡಲ್ಲವೇ? ನಿಷ್ಠೆ ತಾನಾಗಿ ಗುಣವಲ್ಲ. ಯಾವುದಕ್ಕೆ ನಿಷ್ಠೆ ಅನ್ನೋದನ್ನು ನೋಡಿ ಅದು ಗುಣವೋ ದೋಷವೋ ಆಗುತ್ತದೆ. ಇನ್ನೊಂದು ಮೆದು ಮಾತೂ ಇದೆ: ನೋಡಿ, ಜಾತಿ ಮೇಲಿನವನನ್ನೂ ಕೊಲ್ಲುತ್ತದೆ, ಎಲ್ಲರೂ ಅದರ ಬಲಿಪಶುಗಳೇ ಅಂತ. ಇರಬಹುದು. ಆದರೆ ಲೆಕ್ಕ ಸರಿಯಾಗಿ ಇಡೋಣ. ಅವನು ಬಾಯಾರಿದ್ದು ತನ್ನ ಇಷ್ಟದಿಂದ. ನಮ್ಮವರು ತುಂಬಿದ ಕೆರೆಯ ಪಕ್ಕದಲ್ಲಿ ಬಾಯಾರಿದ್ದು ಅಂಥವರ ಇಷ್ಟದಿಂದ.

ಹಾಗಂತ ಆ ಮುದುಕಿಯನ್ನು ದೇವತೆ ಮಾಡಿ ಕೂರಿಸುವುದೂ ನಮಗೆ ಬೇಡ. ಕೆಳಗಿನವರ ಔದಾರ್ಯವನ್ನು ಹೊಗಳುತ್ತಾ ಬಾವಿಗೆ ಬೇಲಿ ಹಾಕುವುದು ಹಳೆಯ ಆಟ. ಆಕೆ ಮಾಡಿದ್ದು ಪವಾಡ ಅಲ್ಲ. ಬಾಯಾರಿದವನಿಗೆ ನೀರು ಕೊಡೋದು ಮನುಷ್ಯರು ಮಾಡುವ ಕೆಲಸ. ಅದು ಪವಾಡದ ಹಾಗೆ ಕಾಣುವುದು ಅಕ್ಕಪಕ್ಕದ ನೆಲ ಅಷ್ಟು ಕೆಟ್ಟಿರುವುದರಿಂದ. ಆಕೆ ನೀನು ಯಾವ ದಂಡಿನವನು ಅಂತ ಕೇಳಲಿಲ್ಲ, ಯಾವ ವಂಶ ಅಂತ ಕೇಳಲಿಲ್ಲ. ಈ ಒಂದು ಸಂಗತಿಯಿಂದ ನಾವು ಕಲಿಯುವುದು ಬಹಳ ಇದೆ.

ಸ್ಕಿನ್ನರ್ ಬದುಕಿದ. ಬದುಕಿ ಉಳಿದರೆ ದೇವರಿಗೆ ಗುಡಿ ಕಟ್ಟಿಸುತ್ತೇನೆ ಅಂತ ಹೆಣಗಳ ನಡುವೆ ಹರಕೆ ಹೊತ್ತಿದ್ದ. ದಿಲ್ಲಿಯ ಕಾಶ್ಮೀರಿ ಗೇಟಿನ ಬಳಿ ಸೇಂಟ್ ಜೇಮ್ಸ್ ಚರ್ಚು ಕಟ್ಟಿಸಿದ. 1836ರಲ್ಲಿ ಅದರ ಪ್ರತಿಷ್ಠೆ ಆಯಿತು. 1841ರಲ್ಲಿ ಹಾನ್ಸಿಯಲ್ಲಿ ಸತ್ತ. ಮುಂದೆ ದೇಹವನ್ನು ತಂದು ಅದೇ ಚರ್ಚಿನಲ್ಲಿ ಹೂಳಿದರು. ಮನೆತನದವರ ಗೋರಿಗಳೂ ಅದೇ ಆವರಣದಲ್ಲಿವೆ. ನೀರು ಕೊಟ್ಟವಳಿಗೆ ಹಣ ಕಳಿಸಿದ. ಮರೆಯಲಿಲ್ಲ, ಅದು ದೊಡ್ಡದು, ಒಪ್ಪುತ್ತೇವೆ. ಆದರೆ ಕಾಣದ ದೇವರಿಗೆ ಕಲ್ಲಿನ ಗುಡಿ, ಕಣ್ಣೆದುರು ಬಂದು ನೀರೆರೆದವಳಿಗೆ ರೂಪಾಯಿ. ಹಣದಿಂದ ಈ ಋಣ ತೀರುತ್ತದೆಯೇ?

ಅವನ ಬರಹಗಳನ್ನು ನೋಡಿದರೆ ಉತ್ತರ ಸಿಗುತ್ತದೆ. ಸ್ಕಿನ್ನರ್ ಪಾರಸಿಯಲ್ಲಿ ಎರಡು ಪುಸ್ತಕ ಮಾಡಿಸಿದ. 1825ರ ಒಂದು ತಶ್ರೀಹ್ ಅಲ್ ಅಕ್ವಾಂ: ಜಾತಿಗಳು, ಪಂಗಡಗಳು, ಅವುಗಳ ಹುಟ್ಟು, ಅವುಗಳ ಕಸುಬು, ಜತೆಗೆ ಚೆಂದದ ಬಣ್ಣದ ಚಿತ್ರಗಳು. 1830ರ ಇನ್ನೊಂದು ತಜ್ಕಿರತ್ ಅಲ್ ಉಮರಾ: ರಜಪೂತಾನ, ಪಂಜಾಬಿನ ಕಡೆಯ ಅರಸು ಮನೆತನಗಳ ಚರಿತ್ರೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಅರಸನಿಗೆ ಹೆಸರು ಇದೆ, ಅಪ್ಪನ ಹೆಸರು ಇದೆ, ಇಸವಿ ಇದೆ. ಕಸುಬಿನವನಿಗೆ ಚಿತ್ರ ಇದೆ, ಜಾತಿ ಇದೆ, ಸಲಕರಣೆ ಇದೆ. ಮೇಲಿನವರಿಗೆ ಚರಿತ್ರೆ, ಕೆಳಗಿನವರಿಗೆ ಮಾದರಿ. ಒಬ್ಬ ಅರಸ ಅಂದರೆ ಒಬ್ಬ ಮನುಷ್ಯ. ಒಬ್ಬ ಚಮ್ಮಾರ ಅಂದರೆ ಚಮ್ಮಾರರೆಲ್ಲ. ರಕ್ತದ ನಿಯಮದಿಂದ ಏಟು ತಿಂದ ಮನುಷ್ಯ, ಚಮ್ಮಾರಳ ನೀರಿನಿಂದ ಬದುಕಿದ ಮನುಷ್ಯ, ಆದರೂ ಲೋಕವನ್ನು ಹುಟ್ಟಿನ ಪ್ರಕಾರವೇ ಸಾಲಾಗಿ ನಿಲ್ಲಿಸಿ ಚಿತ್ರ ಬರೆಸಿದ. ಇದು ಅವನೊಬ್ಬನ ದೋಷ ಅನ್ನಲಾರೆವು. ಆ ಕಾಲದ ಓದಿದವರ ಕಣ್ಣೇ ಹಾಗಿತ್ತು. ಆದರೆ ಏಟು ತಿಂದವನು ತಾನಾಗಿಯೇ ಏಟಿನ ವಿರೋಧಿ ಆಗುವುದಿಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಅವನು ಸತ್ತ ಮೇಲೆ ಆಸ್ತಿಯ ವ್ಯಾಜ್ಯಗಳು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋದವು. ಯಾರು ನಿಜವಾದ ಮಕ್ಕಳು, ಯಾವ ಮದುವೆ ಮದುವೆ ಅಂತ ನ್ಯಾಯಾಧೀಶರು ಕೂತು ತೂಗಿದರು. ವಂಶಾವಳಿಯ ಕೊನೆಯ ಪುಟ ಇದೇ. ರಕ್ತದ ಲೆಕ್ಕ ಹಾಕಲು ಹೊರಟರೆ ಯಾರನ್ನಾದರೂ ಹೊರಗೆ ಹಾಕದೆ ಲೆಕ್ಕ ಮುಗಿಯುವುದೇ ಇಲ್ಲ.

ಈಗ ನಮ್ಮ ಹುಡುಗನ ಆಸೆಗೆ ಬರೋಣ. ಈ ಆಸೆ ಹೊಸದಲ್ಲ. ಮುಂಬೈ ಸೈನ್ಯದಲ್ಲಿ ಮಹಾರರು ತಲೆಮಾರುಗಳ ಕಾಲ ಕಾಲಾಳುಗಳಾಗಿ ದುಡಿದಿದ್ದರು. 1818ರ ಜನವರಿ 1ರ ಕೋರೆಗಾಂವ್ ಕಾಳಗದಲ್ಲಿ ಪೇಶ್ವೆಯ ದೊಡ್ಡ ಕುದುರೆ ದಂಡಿನ ಎದುರು ನಿಂತವರಲ್ಲಿ ಅವರಿದ್ದರು, ಸತ್ತವರ ಹೆಸರು ಅಲ್ಲಿನ ಕಂಬದ ಮೇಲಿದೆ. ಆದರೂ 1890ರ ದಶಕದ ಮೊದಲಲ್ಲಿ ಇಂಗ್ಲಿಷ್ ಸರ್ಕಾರ, ಇವರು ಕಾದಾಡುವ ಕುಲದವರಲ್ಲ ಅಂತ ಭರ್ತಿ ನಿಲ್ಲಿಸಿತು. ಗೋಪಾಳ ಬಾಬಾ ವಲಂಗಕರ್ ಎಂಬ ಹಳೆಯ ಸಿಪಾಯಿ ಅದರ ವಿರುದ್ಧ ಅರ್ಜಿ ಬರೆದರು. ನಾವೂ ಮೂಲದಲ್ಲಿ ಕ್ಷತ್ರಿಯರೇ ಅನ್ನುವುದು ಅದರಲ್ಲಿದ್ದ ಒಂದು ವಾದ. ಆ ಅರ್ಜಿಯ ಹಿಂದೆ ಹಸಿವಿತ್ತು, ಪಿಂಚಣಿಯ ಅನ್ನ ಇತ್ತು, ಮಕ್ಕಳ ಶಾಲೆ ಇತ್ತು. ಅದನ್ನು ಹಗುರವಾಗಿ ನೋಡುವ ಅಧಿಕಾರ ನಮಗಿಲ್ಲ. ಆದರೆ ವಾದವನ್ನು ತೂಗಬೇಕು. ನಾವೂ ಕ್ಷತ್ರಿಯರು ಅಂದಾಗ, ಕ್ಷತ್ರಿಯನಿಗೆ ಮಾತ್ರ ಮರ್ಯಾದೆ ಅನ್ನೋದನ್ನು ಒಪ್ಪಿದ ಹಾಗಾಯಿತು. ನಮ್ಮ ಅಜ್ಜ ಕತ್ತಿ ಹಿಡಿದಿದ್ದ, ಸರಿ. ಕತ್ತಿ ಹಿಡಿಯದೆ ಬರೀ ಹುಲ್ಲು ಹೊತ್ತ ಅಜ್ಜನ ಮೊಮ್ಮಗ ಏನು ಹೇಳಬೇಕು?

ಒಬ್ಬ ಸುಬೇದಾರನ ಮಗನೇ ಇದಕ್ಕೆ ಉತ್ತರ ಕೊಟ್ಟರು. ರಾಮಜಿ ಸಕ್ಪಾಲರ ಮಗ ಬಾಬಾಸಾಹೇಬ್ ಅಂಬೇಡ್ಕರ್ 1927ರ ಜನವರಿ 1ರಂದು ಕೋರೆಗಾಂವಿಗೆ ಹೋದರು. ಸಿಪಾಯಿಗಳ ನೆನಪನ್ನು ಅವರು ಬಿಟ್ಟುಕೊಡಲಿಲ್ಲ. ಆದರೆ ಅದೇ ವರ್ಷ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಗೆ ಇಳಿದಾಗ ಅವರ ಕೈಯಲ್ಲಿ ವಂಶಾವಳಿ ಇರಲಿಲ್ಲ. ಸಾರ್ವಜನಿಕ ಕೆರೆ ಎಲ್ಲರಿಗೂ ತೆರೆದಿರಬೇಕು ಎಂಬ 1923ರ ಬೋಲೆ ನಿರ್ಣಯ ಇತ್ತು, ಸಾವಿರಾರು ಜನ ಇದ್ದರು, ಬಾಯಾರಿಕೆ ಇತ್ತು. ನಮ್ಮ ಮುತ್ತಜ್ಜ ಸುಬೇದಾರ, ಅದಕ್ಕೇ ನೀರು ಕೊಡಿ ಅಂತ ಕೇಳಲಿಲ್ಲ. ಮನುಷ್ಯರು, ಅದಕ್ಕೇ ಕುಡಿಯುತ್ತೇವೆ ಅಂದರು. ಉನಿಯಾರಾದಲ್ಲಿ ಚಮ್ಮಾರರ ಮುದುಕಿ ಯಾರ ಕುಲವನ್ನೂ ಕೇಳದೆ ನೀರು ಕೊಟ್ಟಳು. ಮಹಾಡಿನಲ್ಲಿ ನಮ್ಮವರು ಕುಲ ಹೇಳಿಕೊಳ್ಳದೆ ನೀರು ತೆಗೆದುಕೊಂಡರು. ನೀರಿನ ಧರ್ಮ ಇದು. ಇದರ ಎರಡು ತುದಿಯನ್ನೂ ಹಿಡಿದವರು ನಮ್ಮವರೇ.

ಹಾಗಾದರೆ ನಮಗೆ ಹಿಂದಿನದು ಏನೂ ಬೇಡವೇ? ಬೇಕು. ಹಿಂದಿನದನ್ನು ಕಿತ್ತುಕೊಂಡವನಿಗೆ, ನೀನು ಯಾವತ್ತೂ ಹೀಗೇ ಇದ್ದೆ ಅಂತ ನಂಬಿಸುವುದು ಸುಲಭ. ಆದರೆ ಚರಿತ್ರೆ ಬೇರೆ, ವಂಶಾವಳಿ ಬೇರೆ. ಯಾರ ಬೀಜ ಅಂತ ಕೇಳೋದು ವಂಶಾವಳಿ. ಯಾರು ಹೊತ್ತರು, ಯಾರು ಉಣಿಸಿದರು, ಯಾರು ತಡೆದರು ಅಂತ ಕೇಳೋದು ಚರಿತ್ರೆ. ವಂಶಾವಳಿ ಬರೆಯಲು ಹೊರಟರೆ ನಮಗೆ ಸಿಗುವುದು ಖಾಲಿ ಹಾಳೆ, ಇಲ್ಲವೇ ಸುಳ್ಳು ಕುದುರೆ. ಆಮೇಲೆ ಆ ಸುಳ್ಳು ಕುದುರೆಯನ್ನು ಏರಿದವನು ಪಕ್ಕದ ಕೇರಿಯವನನ್ನು ಕೀಳಾಗಿ ಕಾಣುತ್ತಾನೆ. ಎಡಗೈ ಬಲಗೈ ಅಂತ ನಮ್ಮನ್ನೇ ಎರಡು ಸೀಳು ಮಾಡಿದ ಬುದ್ಧಿ ಅದೇ. ಬೇರೊಂದು ಗೋಡೆಗೆ ನಾವೇ ಕಲ್ಲು ಹೊತ್ತು ಕೊಡಬಾರದು.

ಚರಿತ್ರೆ ಬರೆಯಲು ಹೊರಟರೆ ಹಾಗಲ್ಲ. ಕೇರಿಯಲ್ಲಿ ಮುದುಕರು ಇನ್ನೂ ಇದ್ದಾರೆ. ಅವರ ಮುಂದೆ ಕೂತು, ನಮ್ಮ ಮೂಲಪುರುಷ ಯಾವ ಅರಸನ ಬಂಟ ತಾತಾ ಅಂತ ಕೇಳಬೇಡಿ. ಯಾವ ಬರಗಾಲದಲ್ಲಿ ಯಾವ ದಾರಿ ಹಿಡಿದು ಈ ಊರಿಗೆ ಬಂದಿರಿ ಅಂತ ಕೇಳಿ. ಯಾರ ಜೀತಕ್ಕೆ, ಎಷ್ಟು ಸಾಲಕ್ಕೆ, ಎಷ್ಟು ವರ್ಷ ಅಂತ ಕೇಳಿ. ನೀರು ಎಲ್ಲಿಂದ ತರುತ್ತಿದ್ದಿರಿ, ಯಾರು ಎತ್ತಿ ಹೊಯ್ಯುತ್ತಿದ್ದರು, ಹೊಯ್ಯದೇ ಇದ್ದ ದಿನ ಏನು ಮಾಡಿದಿರಿ ಅಂತ ಕೇಳಿ. ಅಜ್ಜಿ ಯಾವ ಯಾವ ಜಾತಿಯ ಮನೆಯಲ್ಲಿ ಬಾಣಂತನ ಮಾಡಿದಳು, ಅವಳ ಕೈಯಲ್ಲಿ ಹುಟ್ಟಿದ ಮಕ್ಕಳು ದೊಡ್ಡವರಾದ ಮೇಲೆ ಅವಳನ್ನು ಎಷ್ಟು ದೂರ ನಿಲ್ಲಿಸಿದರು ಅಂತ ಕೇಳಿ. ಹೆಸರು ಹಿಡಿದು ಬರೆದುಕೊಳ್ಳಿ. ಕುಲದ ಹೆಸರಲ್ಲ, ಅವ್ವ ಕರೆಯುತ್ತಿದ್ದ ಹೆಸರು. ಹೀಗೆ ಬರೆದದ್ದು ಋಣದ ಪಟ್ಟಿ ಆಗುತ್ತದೆ. ಸಾಲದ ಪತ್ರದಲ್ಲಿ ನಮ್ಮ ತಾತ ಸಾಲಗಾರ. ಈ ಪಟ್ಟಿಯಲ್ಲಿ ಸಾಲ ಕೊಟ್ಟವನು ಅವನು, ತೀರಿಸಬೇಕಾದದ್ದು ಊರು.

ಸ್ಕಿನ್ನರನ ಮನೆತನದ ಕತೆ ಬರೆಯುವವರು ಅಪ್ಪನಿಂದ ಶುರು ಮಾಡುತ್ತಾರೆ, ಸ್ಕಾಟ್ಲೆಂಡಿನಿಂದ ಶುರು ಮಾಡುತ್ತಾರೆ. ನ್ಯಾಯವಾಗಿ ಬರೆಯುವವರು ಉನಿಯಾರಾದ ಆ ಮಡಕೆಯಿಂದ ಶುರು ಮಾಡಬೇಕು. ಆ ಗುಟುಕು ನೀರಿಲ್ಲದಿದ್ದರೆ ಸ್ಕಿನ್ನರ್ ಅಲ್ಲೇ ಬಾಯಾರಿ ಸಾಯುತ್ತಿದ್ದ. ಆಗ ದಂಡೂ ಇಲ್ಲ, ಚರ್ಚೂ ಇಲ್ಲ, ಪಾರಸಿ ಪುಸ್ತಕವೂ ಇಲ್ಲ, ಪ್ರಿವಿ ಕೌನ್ಸಿಲ್ಲಿನಲ್ಲಿ ಜಗಳ ಆಡಲು ವಾರಸುದಾರರೂ ಇಲ್ಲ. ಆ ವಂಶಕ್ಕೆ ಎರಡನೇ ಸಲ ಜನ್ಮ ಕೊಟ್ಟವಳು ಆಕೆ. ಆಕೆಯ ಹೆಸರಿಗಾಗಿ ಆ ವಂಶವೃಕ್ಷದಲ್ಲಿ ಒಂದು ಜಾಗ ಖಾಲಿ ಬಿಡಬೇಕು. ಇಂಥ ಖಾಲಿ ಜಾಗಗಳು ಈ ದೇಶದ ಪ್ರತಿಯೊಂದು ದೊಡ್ಡ ಮನೆಯ ವಂಶವೃಕ್ಷದಲ್ಲೂ ಇವೆ. ಅವುಗಳನ್ನು ಗುರುತು ಮಾಡುವುದು ಕೇರಿಯಲ್ಲಿ ಓದಿದ ಹುಡುಗ ಹುಡುಗಿಯರು ಮಾಡಬೇಕಾದ ಕೆಲಸ. ಕುದುರೆ ಹುಡುಕುತ್ತಾ ಕೂರಲು ನಮಗೆ ಪುರುಸೊತ್ತಿಲ್ಲ.